ಒಂದೊಂದೇ ತಾಟು

ನಮ್ಮ ಸುನೀತಾ ಊಟವಾದ ಮೇಲೆ ತಾಟುಗಳನ್ನು ಒಂದೊಂದಾಗಿ ಬಚ್ಚಲಿಗೆ ಒಯ್ಯುತ್ತಾಳೆ. ಐದು ಜನ ಉಂಡಿದ್ದರೆ ಐದು ಓಡಾಟ. ಎರಡೂ ಕೈಯಲ್ಲಿ ಹಿಡಿದು, ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಲ್ಲಿ ಇಳಿಸುವ ಹಾಗೆ ಕಲ್ಲಿನ ಮೇಲೆ ಇಳಿಸುತ್ತಾಳೆ. ಸ್ಟೀಲಿಗೆ ಸ್ಟೀಲು ತಾಗಿದ ಸಪ್ಪಳವೇ ಇರುವುದಿಲ್ಲ. ನಾನೋ, ಆರು ತಾಟು, ಅದರ ಮೇಲೆ ನಾಲ್ಕು ಬಟ್ಟಲು, ಅದರ ಮೇಲೊಂದು ಸಾರಿನ ಪಾತ್ರೆ ಹೇರಿಕೊಂಡು ದಡಬಡ ಹೋಗುವವಳು. ಇಷ್ಟು ದೊಡ್ಡ ಓದು ಓದಿದ ಹುಡುಗಿಗೆ ನಾಲ್ಕು ತಾಟು ಕೂಡಿಸಿ ಎತ್ತಲು ಬರುವುದಿಲ್ಲವಲ್ಲ ಎಂದು ನಾನು ಎಷ್ಟೋ ವರ್ಷ ನಕ್ಕಿದ್ದೇನೆ. ಓಣಿಯವರನ್ನೂ ನಗಿಸಿದ್ದೇನೆ. ಆ ನಗೆ ನೆನಪಾದರೆ ಈಗ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳಬೇಕು ಅನಿಸುತ್ತದೆ. ಯಾಕೆಂದು ಹೇಳುತ್ತೇನೆ. ಬೇರೆಯವರ ವಿಷಯವಾದರೆ ನಾನು ಮುಖದ ಮೇಲೆ ಹೇಳಿಬಿಡುವವಳು. ನನ್ನ ವಿಷಯ ಬಂದಾಗ ಮಾತ್ರ ಊರೆಲ್ಲ ಸುತ್ತಿ ಮನೆಗೆ ಬರುತ್ತೇನೆ. ಸ್ವಲ್ಪ ತಾಳಿಕೊಳ್ಳಿ.

ಸುನೀತಾ ನನ್ನ ತಮ್ಮನ ದೊಡ್ಡ ಮಗಳು. ನಾವು ಅಕ್ಕತಮ್ಮ ಹುಟ್ಟಿದ್ದು ನಾರಾಯಣಖೇಡದಲ್ಲಿ. ತಮ್ಮ ಜಹೀರಾಬಾದಿನಲ್ಲಿ ಗಿರಣಿ ಹಾಕಿದ. ನನ್ನನ್ನು ತಾಂಡೂರಿಗೆ ಕೊಟ್ಟರು. ನಮ್ಮ ಯಜಮಾನರದು ನೆಲಕ್ಕೆ ಹಾಸುವ ಪರ್ಶಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಕೆಲಸ. ಮನೆಯ ಹಿತ್ತಲಿಗೆ ಹೊಂದಿಕೊಂಡೇ ಮಷೀನು. ನಲವತ್ತು ವರ್ಷ ಆ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ಹೀಗಾಗಿದೆ: ನಾನು ಗುಟ್ಟು ಹೇಳಿದರೆ ಬಶೀರಾಬಾದಿನ ಬಸ್ಸಿನಲ್ಲಿ ಕೂತವರಿಗೂ ಕೇಳುತ್ತದೆ ಎಂದು ನೆಗೆಣ್ಣಿ ಆಡಿಕೊಳ್ಳುತ್ತಾಳೆ. ಯಜಮಾನರಿಗಂತೂ ಕಿವಿ ಕೇಳುವುದು ಊಟಕ್ಕೆ ಕರೆದಾಗ ಮಾತ್ರ. ಅದೂ ಒಂದು ಉಪಕಾರವೇ ಎಂದುಕೊಂಡಿದ್ದೇನೆ. ನನ್ನ ಅರ್ಧ ಮಾತು ಅವರಿಗೆ ಮುಟ್ಟದೆ ಉಳಿದದ್ದರಿಂದಲೇ ಸಂಸಾರ ಸಾಗಿದೆ.

ಸುನೀತಾಳ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು ಕಿವಿ ಡಾಕ್ಟರ್ ಎಂದೇ ಹೇಳುತ್ತಿದ್ದೆ. ಬಯೋ ಇನ್‌ಫರ್ಮ್ಯಾಟಿಕ್ಸ್ ಎನ್ನುವ ಶಬ್ದ ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕುತ್ತಿತ್ತು. ಅದರ ಫಲ, ಒಮ್ಮೆ ಅವಳು ರೈಲಿನಿಂದ ಇಳಿದು ಬಂದು ಚಹಾ ಕುಡಿಯುವಷ್ಟರಲ್ಲಿ ಪಕ್ಕದ ಮನೆಯ ಹುಸೇನಬೀ ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಮುದುಕಿಯ ಕಿವಿ ಸೋರುತ್ತಿತ್ತು. ಸುನೀತಾ ಕೈ ಮುಗಿದು, ನಾನು ಕಿವಿ ನೋಡುವವಳಲ್ಲ, ಕಂಪ್ಯೂಟರ್ ನೋಡುವವಳು ಎಂದಳು. ಹುಸೇನಬೀ ನನ್ನ ಕಡೆ ತಿರುಗಿ, ಕಿವಿ ನೋಡದ ಕಿವಿ ಡಾಕ್ಟರನ್ನು ಇದೇ ಮೊದಲು ಕಂಡದ್ದು ಎಂದು ಹೇಳಿ ಹೋದಳು. ಆ ಮಾತನ್ನು ಈಗಲೂ ಬಿಟ್ಟಿಲ್ಲ.

ಆಮೇಲೆ ಸುನೀತಾ ನನಗೆ ತಿಳಿಯುವ ಹಾಗೆ ಹೇಳಿದಳು. ನಾನು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹಳ್ಳು ಆರಿಸುತ್ತಿದ್ದೆ. ಪಕ್ಕದಲ್ಲಿ ಕೂತು ತಾನೂ ಆರಿಸುತ್ತ, ತನ್ನದೂ ಇದೇ ಉದ್ಯೋಗ ಎಂದಳು. ಪ್ರತಿ ಮನುಷ್ಯನ ಮೈಯೊಳಗೂ ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದನೆಯ ಬರಹ ಇದೆಯಂತೆ. ಕಿವಿಯ ಒಳಗೆ ಬಸವನಹುಳುವಿನ ಹಾಗೆ ಸುತ್ತಿಕೊಂಡ ಒಂದು ಸುರುಳಿ, ಅದರೊಳಗೆ ಕೂದಲಿಗಿಂತ ಸಣ್ಣ ಎಳೆಗಳು, ಅವೆಲ್ಲ ಹೇಗೆ ಇರಬೇಕೆಂದು ಆ ಬರಹದಲ್ಲಿ ಇರುತ್ತದಂತೆ. ಎಲ್ಲೋ ಒಂದು ಅಕ್ಷರ ತಪ್ಪಿದರೆ ಕೂಸಿಗೆ ಹುಟ್ಟುತ್ತಲೇ ಕೇಳುವುದಿಲ್ಲ. ಯಾವ ಮನೆತನದಲ್ಲಿ ಯಾವ ಅಕ್ಷರ ತಪ್ಪಿದೆ ಎಂದು ಕೋಟಿಗಟ್ಟಲೆ ಅಕ್ಷರದೊಳಗೆ ಹುಡುಕುವುದು ಅವಳ ಕೆಲಸ. ಹೈದರಾಬಾದಿನಲ್ಲಿ ಎಂಎಸ್ಸಿ, ಆಮೇಲೆ ಡಾಕ್ಟರೇಟು, ಆಮೇಲೆ ಎರಡು ವರ್ಷ ಹೊರದೇಶ, ಈಗ ಮತ್ತೆ ಹೈದರಾಬಾದು. ಎಲ್ಲಿ ಹೋದರೂ ಕಿವಿ ಬಿಡಲಿಲ್ಲ. ಒಮ್ಮೆ ಅವಳ ಹೆಸರು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂತು, ಹನ್ನೊಂದು ಹೆಸರಿನೊಳಗೆ ಮೂರನೆಯದು. ನನಗೆ ಓದಲು ಬಾರದ ಆ ಹಾಳೆಗೆ ವಿಭೂತಿ ಹಚ್ಚಿ ಜಗುಲಿಯ ಮೇಲೆ ಇಟ್ಟೆ. ಇಷ್ಟೊಂದು ದಾರಿ ಇರುವಾಗ ಕಿವಿಯನ್ನೇ ಯಾಕೆ ಹಿಡಿದಳು ಎಂದು ಯಾರಾದರೂ ಕೇಳಿದರೆ, ತಂಗಿಗೆ ಕೇಳುವುದಿಲ್ಲವಲ್ಲ, ಅದಕ್ಕೆ ಎನ್ನುತ್ತಿದ್ದೆ. ಅದು ಅರ್ಧ ಖರೆ. ಉಳಿದ ಅರ್ಧ ನನಗೆ ಗೊತ್ತಿತ್ತು, ಹೇಳುತ್ತಿರಲಿಲ್ಲ.

ತಂಗಿ ಎಂದರೆ ಗೌರಿ. ಸುನೀತಾಳಿಗಿಂತ ಏಳು ವರ್ಷ ಚಿಕ್ಕವಳು. ಪಸ್ತಾಪುರದಲ್ಲಿ ಹೆಣ್ಣುಮಕ್ಕಳ ಸಂಘದವರು ಸಜ್ಜೆ, ನವಣೆ, ಸಾವೆಯ ಬೀಜ ಕೂಡಿಡುತ್ತಾರೆ. ಅಲ್ಲಿ ಬೀಜದ ಗಡಿಗೆಗಳ ಮೇಲೆ ಹೆಸರು ಬರೆದು ಚಿತ್ರ ತೆಗೆದು ಅಂಟಿಸುವ ಕೆಲಸ ಅವಳದು. ಅವಳು ತೆಗೆದ ಸಜ್ಜೆಯ ತೆನೆ ಕಂಡರೆ ಹಕ್ಕಿ ಬಂದು ಕುಕ್ಕಬೇಕು. ತುಟಿ ನೋಡಿ ಮಾತು ಹಿಡಿಯುತ್ತಾಳೆ, ಕೈಯಿಂದ ಮಾತಾಡುತ್ತಾಳೆ, ತಾಯಿಯ ಹತ್ತಿರ ಕೂತು ಕನ್ನಡ ಓದಲು ಕಲಿತಿದ್ದಾಳೆ. ಬಾಯಿಂದ ಬರುವ ಮಾತು ಮಾತ್ರ ಮನೆಯವರಿಗಷ್ಟೇ ತಿಳಿಯುತ್ತದೆ. ಹೋದ ವರ್ಷ ಅವಳಿಗೆ ಮದುವೆ ಗೊತ್ತಾಯಿತು. ಆಗ ಅವಳೇ ಅಕ್ಕನಿಗೆ ಒಂದು ಚೀಟಿ ಬರೆದಳು: ನೀನು ಎಲ್ಲರ ಮನೆಯದು ಹುಡುಕುತ್ತೀ, ನಮ್ಮ ಮನೆಯದು ಯಾವಾಗ ಹುಡುಕುತ್ತೀ? ನನಗೆ ಹೀಗೆ ಯಾಕಾಯಿತು ಎಂದು ಮದುವೆಗೆ ಮೊದಲು ನನಗೆ ಗೊತ್ತಾಗಬೇಕು.

ಹಾಗೆ ಸುನೀತಾ ಒಂದು ದೊಡ್ಡ ಹಾಳೆ ಮತ್ತು ಒಂದು ಸಣ್ಣ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಸ್ವಂತ ಮನೆಯವರ ಪರೀಕ್ಷೆಯನ್ನು ಬೇರೆಯವರೇ ಮಾಡಬೇಕಂತೆ. ವಂಶದ ಚಿತ್ರ ಬರೆದು ಕೊಡುವುದಷ್ಟೇ ಇವಳ ಪಾಲಿನದು. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು. ಕಿವಿ ಕೇಳದವರ ದುಂಡಿಗೆ ಕಪ್ಪು ತುಂಬಬೇಕು. ನನ್ನ ತಮ್ಮ ಸೋದರಮಾವನ ಮಗಳನ್ನೇ ಮಾಡಿಕೊಂಡವನು, ಅದಕ್ಕೆ ಅವರಿಬ್ಬರ ನಡುವೆ ಜೋಡಿ ಗೆರೆ. ಗೌರಿಯ ದುಂಡು ಕಪ್ಪಾಯಿತು. ಮೇಲೆ ನಮ್ಮವ್ವನ ಸಾಲಿನಲ್ಲಿ ಇನ್ನೊಂದು ದುಂಡು: ನಮ್ಮ ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ. ಅವಳಿಗೂ ಕೇಳುತ್ತಿರಲಿಲ್ಲ. ಆದರೆ ಸಣ್ಣವಳಿದ್ದಾಗ ಜ್ವರ ಬಂದು ಕಿವಿ ಹೋಯಿತೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸುನೀತಾ ಆ ದುಂಡನ್ನು ಖಾಲಿ ಬಿಟ್ಟು ಪಕ್ಕಕ್ಕೆ 'ಜ್ವರ' ಎಂದು ಬರೆದಳು. ನಾನು ನೋಡುತ್ತಲೇ ಇದ್ದೆ.

ಆಮೇಲೆ ಕೇಳಿದಳು, "ಅತ್ತಿ, ಗೌರಿಗಿ ಕೇಳಂಗಿಲ್ಲ ಅಂತ ಮೊದಲು ಯಾರಿಗಿ ಗೊತ್ತಾತು? ಯಾವಾಗ?"

"ಮೂರೂವರಿ ವರ್ಷಾದ ಮ್ಯಾಲ. ಎಲ್ಲರಿಗೂ ಗೊತ್ತಾದಾಗೇ ನನಗೂ ಗೊತ್ತಾತು," ಎಂದೆ. ಬೇಳೆ ಆರಿಸುವ ಕೈ ನಿಲ್ಲಲಿಲ್ಲ.

ಅವಳು ಬರೆದುಕೊಂಡಳು.

ಆಮೇಲೆ ಡಬ್ಬಿಯ ಪ್ರಸಂಗ. ಅದರೊಳಗೆ ಒಂದು ಕೊಳವೆ. ಗೆರೆಯ ಮಟ ಎಂಜಲು ಉಗುಳಿ ಕೊಡಬೇಕಂತೆ. ಎಂಜಲು ಕೈಗೆ ತಾಗಿದರೆ ಕೈ ತೊಳೆಯುವ ನಾನು, ತಮ್ಮನ ಮಗಳ ಎದುರು ಕೊಳವೆಯಲ್ಲಿ ಉಗುಳುವುದೇ? ಅವಳನ್ನು ಪಡಸಾಲೆಗೆ ಕಳಿಸಿ, ಮರುದಿನ ಮುಂಜಾನೆ ದೇವರ ಮನೆಯ ಕಡೆ ಬೆನ್ನು ಮಾಡಿ ಆ ಕೆಲಸ ಮುಗಿಸಿದೆ. ಅರ್ಧ ತಾಸು ಮೊದಲು ಏನೂ ತಿನ್ನಬಾರದೆಂದು ಅವಳು ಮೂರು ಸಲ ಹೇಳಿದ್ದಳು. ನಾನು ತಿನ್ನಲಿಲ್ಲ. ಲಿಂಗಪೂಜೆ ಮಾಡಿದೆ, ತೀರ್ಥ ತೆಗೆದುಕೊಂಡೆ, ನೈವೇದ್ಯದ ಸಕ್ಕರೆ ಮತ್ತು ಒಂದು ಚೂರು ಒಣಕೊಬ್ಬರಿ ಬಾಯಲ್ಲಿ ಹಾಕಿಕೊಂಡೆ, ಕೊಳವೆ ತುಂಬಿದೆ. ತಿಂಗಳ ಮೇಲೆ ಫೋನು ಬಂತು. ನನ್ನದೊಂದು ಕೊಳವೆ ಕೆಟ್ಟಿದೆ, ಪರೀಕ್ಷೆಗೆ ಬರುವುದಿಲ್ಲ, ಏನು ತಿಂದಿದ್ದಿ ಎಂದು ಕೇಳಿದಳು. ಏನೂ ತಿಂದಿಲ್ಲ, ಪ್ರಸಾದ ಅಷ್ಟೇ ಎಂದೆ. ಪ್ರಸಾದ ತಿನ್ನೂದು ಅಲ್ಲೇನು ಎಂದಳು. ಪ್ರಸಾದವನ್ನು ತಿಂದೆ ಅನ್ನುವುದಿಲ್ಲ, ಸ್ವೀಕಾರ ಮಾಡಿದೆ ಅನ್ನುತ್ತಾರೆ ಎಂದು ನಾನು ಅವಳಿಗೇ ಪಾಠ ಹೇಳಿದೆ. ಆ ಕಡೆ ಎಷ್ಟು ನಕ್ಕಳೆಂದರೆ ಫೋನು ಕಿವಿಯಿಂದ ದೂರ ಹಿಡಿದೆ. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಇನ್ನೊಂದು ಕೊಳವೆ ತರುತ್ತೇನೆ ಎಂದಳು.

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಬೇರೆ ಎಲ್ಲರ ಕೊಳವೆಯೂ ಸರಿ ಇದ್ದು ನನ್ನದೊಂದೇ ತಿರುಗಿ ಬಂದಿತ್ತು. ಕೊಬ್ಬರಿ ಚೂರಿನಿಂದ ಕೆಟ್ಟಿತು ಎಂದು ಅವಳ ಯಂತ್ರ ಹೇಳಿರಬಹುದು. ನನಗೆ ಮಾತ್ರ ಸುಳ್ಳು ಹೇಳಿದ ಬಾಯಿಯ ಎಂಜಲನ್ನು ನಮ್ಮ ಮನೆದೇವರು ಮಲ್ಲಯ್ಯ ಮುಂದೆ ಹೋಗಗೊಡಲಿಲ್ಲ ಎಂದೇ ಅನಿಸಿತು.

ನನಗೊಂದು ರೂಢಿಯಿದೆ. ಪೂಜೆ ಮುಗಿದ ಮೇಲೆ ಐದು ಬೆರಳು ಮಡಚಿ ಐದು ಉಪಕಾರ ಎಣಿಸುತ್ತೇನೆ. ದೊಡ್ಡವು ಬೇಕಿಲ್ಲ. ನಲ್ಲಿಗೆ ನೀರು ಬಂತು, ಒಂದು. ಮೊಣಕಾಲು ಇವತ್ತು ಹಿಡಿದುಕೊಳ್ಳಲಿಲ್ಲ, ಎರಡು. ರೊಟ್ಟಿ ಒಂದೂ ಹರಿಯಲಿಲ್ಲ, ಮೂರು. ಹೀಗೆ. ಗೌರಿ ಹುಟ್ಟಿದ ವರ್ಷ ಈ ಎಣಿಕೆಯಲ್ಲಿ ಒಂದು ಬೆರಳು ಅವಳದೇ ಇತ್ತು. ತಮ್ಮನ ಗಿರಣಿ ಗೋಡೆಗೆ ಹೊಂದಿಕೊಂಡಿತ್ತು. ಪಟ್ಟಿ ತಿರುಗಲು ಹತ್ತಿದರೆ ಮನೆಯ ಹಂಚು ನಡುಗುತ್ತಿದ್ದವು. ಕೂಸು ಅದರೊಳಗೇ ಹಾಯಾಗಿ ಮಲಗುತ್ತಿತ್ತು. ನನ್ನ ತಮ್ಮನ ಹೆಂಡತಿ, ದೇವರು ದೊಡ್ಡವನು ಅಕ್ಕಾ, ಎಷ್ಟು ಗದ್ದಲ ಇದ್ದರೂ ಏಳಂಗಿಲ್ಲ ಎಂದು ನನ್ನ ಮುಂದೆ ಹಿಗ್ಗುತ್ತಿದ್ದಳು. ಹೌದವ್ವಾ, ಪುಣ್ಯ ಮಾಡೀ ಎಂದು ನಾನು ಅನ್ನುತ್ತಿದ್ದೆ. ಅನ್ನುತ್ತ ಬೆರಳು ಮಡಚುತ್ತಿದ್ದೆ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ತಪ್ಪಿರಲಿಲ್ಲ. ನನಗೆ ಗೊತ್ತಿತ್ತು.

ಹದಿಮೂರನೆಯ ದಿನವೇ ಗೊತ್ತಾಗಿತ್ತು.

ನಮ್ಮಲ್ಲಿ ಹೆಸರಿಡುವಾಗ ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿ 'ಕುರ್ರ್' ಅನ್ನಬೇಕು. ಅಂದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಹಳೆಯ ಸಿಟ್ಟೆಲ್ಲ ತೀರಿಸಿಕೊಳ್ಳಲು ಅದೊಂದೇ ಅವಕಾಶವಾದ್ದರಿಂದ ನನ್ನ ಬೆನ್ನಿಗೆ ಯಾವಾಗಲೂ ಜನ ಹೆಚ್ಚು. ನನ್ನ ಕುರ್ರ್ ಎಂದರೆ ನಮ್ಮ ಬಳಗದಲ್ಲಿ ಹೆಸರುವಾಸಿ. ಕಲ್ಲಿನ ಮಷೀನಿನ ಮೇಲೆ ಪಳಗಿದ ದನಿಯಲ್ಲವೇ. ಅದಕ್ಕೆ ಮೊದಲು ಏಳು ಕೂಸುಗಳ ಕಿವಿಯಲ್ಲಿ ಕೂಗಿದ್ದೆ. ಏಳಕ್ಕೆ ಏಳೂ ಬೆಚ್ಚಿ ಕೈಕಾಲು ಎತ್ತಿ ಚಿಟ್ಟನೆ ಚೀರಿದ್ದವು. ಗೌರಿ ಕಣ್ಣು ತೆರೆದುಕೊಂಡೇ ಇದ್ದಳು. ಕೂಗಿದೆ. ರೆಪ್ಪೆ ಬಡಿಯಲಿಲ್ಲ. ಬೆನ್ನಿಗೆ ಗುದ್ದು ಬೀಳುತ್ತಿದ್ದವು. ನಾನು ಬಗ್ಗಿದಲ್ಲೇ ಇದ್ದೆ.

ಅಷ್ಟರಲ್ಲಿ ಏಳು ವರ್ಷದ ಸುನೀತಾ ಹೆಂಗಸರಿಗೆ ಗುಗ್ಗರಿ ಹಂಚಲೆಂದು ತನ್ನ ಎದೆಯ ಮಟ ತಾಟು ಹೇರಿಕೊಂಡು ಬಂದಳು. ತೊಟ್ಟಿಲ ಪಕ್ಕಕ್ಕೇ ಎಡವಿದಳು. ಹತ್ತು ಹನ್ನೆರಡು ತಾಟು ಪರ್ಶಿಯ ಮೇಲೆ ಬಿದ್ದು ಉರುಳಿದವು. ನೆರೆದವರೆಲ್ಲ ಹೌಹಾರಿ ಅವಳನ್ನು ನೋಡಿದರು. ನಾನು ಕೂಸನ್ನು ನೋಡಿದೆ. ಅದು ನನ್ನ ಮೂಗುಬೊಟ್ಟನ್ನೇ ನೋಡುತ್ತ ಶಾಂತವಾಗಿ ಮಲಗಿತ್ತು. ತಲೆಯೆತ್ತಿದರೆ ಎದುರಿಗೆ ನಮ್ಮವ್ವ. ಅವಳೂ ಕೂಸನ್ನೇ ನೋಡುತ್ತಿದ್ದಳು. ನಮ್ಮಿಬ್ಬರ ಕಣ್ಣು ಕೂಡಿದವು. ಮರುಗಳಿಗೆ ಅವ್ವ ಹೋಗಿ ಸುನೀತಾಳ ಬೆನ್ನಿಗೆ ಎರಡು ಬಿಟ್ಟಳು, ಕೂಸಿನ ಕಿವಿ ಒಡದಿಯಲ್ಲ ಎಂದು.

ನಮ್ಮವ್ವನಿಗೆ ಏನು ಹೆದರಿಕೆ, ನನಗೆ ಏನು ಹೆದರಿಕೆ ಎಂದು ಈಗ ಬರೆದರೆ ಸಣ್ಣದೆನಿಸುತ್ತದೆ. ದೊಡ್ಡವ್ವನಿಗೆ ಜ್ವರ ಬಂದಿರಲಿಲ್ಲ. ಹುಟ್ಟಿದಾಗಿನಿಂದಲೇ ಕೇಳುತ್ತಿರಲಿಲ್ಲ. ನನ್ನ ಮದುವೆಯ ಹಿಂದಿನ ವಾರ ಅವ್ವ ಇದನ್ನು ನನಗೊಬ್ಬಳಿಗೇ ಹೇಳಿ, ಗಂಡನ ಮನೆಯಲ್ಲಿ ಬಾಯಿ ಬಿಡಬೇಡ ಎಂದಿದ್ದಳು. ನನ್ನನ್ನು ನೋಡಲು ತಾಂಡೂರಿನವರು ಬಂದ ದಿನ ದೊಡ್ಡವ್ವನನ್ನು ಪಕ್ಕದ ಮನೆಯಲ್ಲಿ ಶೇಂಗಾ ಸುಲಿಯಲು ಕೂಡಿಸಿದ್ದರು. ಅವಳು ನನಗೆ ಎಣ್ಣೆ ಹಚ್ಚಿ ತಲೆ ಬಾಚಿ ಸಿಂಗಾರ ಮಾಡಿ, ತಾನೇ ಹಿಂದಿನ ಬಾಗಿಲಿನಿಂದ ಎದ್ದು ಹೋದಳು. ಯಾರೂ ಕೈ ಹಿಡಿದು ಕಳಿಸಬೇಕಾಗಲಿಲ್ಲ, ಅವಳಿಗೆ ರೂಢಿಯಾಗಿತ್ತು. ಗೌರಿಯ ತೊಟ್ಟಿಲ ದಿನ ನನ್ನ ಅತ್ತೆ ಅಲ್ಲೇ ಚಾಪೆಯ ಮೇಲೆ ಕೂತಿದ್ದರು. ಅವರ ತೊಡೆಯ ಮೇಲೆ ನನ್ನ ಎರಡು ಹೆಣ್ಣುಮಕ್ಕಳು. ನಾಳೆ ಇವರನ್ನು ನೋಡಲು ಬಂದವರಿಗೆ, ತಾಯಿಯ ಕಡೆ ಹೀಗಿದೆ ಎಂದು ಯಾರಾದರೂ ಹೇಳಿದರೆ? ನಾನು ಕುಪ್ಪಸದ ಖಣ ತೆಗೆದುಕೊಂಡು ಉಡಿ ತುಂಬಿಸಿಕೊಂಡು ಮನೆಗೆ ಬಂದೆ.

ಮೂರೂವರೆ ವರ್ಷವಾದ ಮೇಲೆ ಹೈದರಾಬಾದಿನ ದವಾಖಾನೆಯಲ್ಲಿ ಖಾತ್ರಿಯಾಯಿತು. ಜಹೀರಾಬಾದಿನ ಮನೆಯಲ್ಲಿ ಎಲ್ಲರೂ ಅಡುಗೆಮನೆಯಲ್ಲಿ ಕೂಡಿದ್ದೆವು. ಅವ್ವ ಯಾರ ಮುಖವನ್ನೂ ನೋಡದೆ, "ತೊಟ್ಟಿಲ ದಿನ ಇದು ತಾಟು ಕೆಡವಿತ್ತಲ್ಲ, ಅವತ್ತೇ ಹೋಗ್ಯಾದ ಕಿವಿ," ಎಂದಳು. ಬಾಗಿಲಲ್ಲಿ ಸುನೀತಾ ನಿಂತಿದ್ದಳು, ಹತ್ತು ವರ್ಷದವಳು. ಒಲೆಯ ಮುಂದೆ ನಾನು ರೊಟ್ಟಿ ಬಡಿಯುತ್ತಿದ್ದೆ. ಒಂದು ಮಾತು ಆಡಬಹುದಿತ್ತು. ರೊಟ್ಟಿಯನ್ನು ಜೋರಾಗಿ ಬಡಿದೆ.

ತಾಟು ಒಂದೊಂದೇ ಒಯ್ಯುವುದನ್ನು ಅವಳು ಶುರು ಮಾಡಿದ್ದು ಆಮೇಲೆ. ನಾನು ನಕ್ಕದ್ದೂ ಆಮೇಲೆಯೇ.

ಎರಡನೆಯ ಕೊಳವೆ ಬಂದ ದಿನ ಮುಂಜಾನೆ ನಾನು ಸ್ನಾನ ಮಾಡಿ ಪೂಜೆಗೆ ಕೂತೆ. ತೀರ್ಥ, ಪ್ರಸಾದ ಮಾತ್ರ ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಸುನೀತಾ ಹಾಳೆ ಹರವಿಕೊಂಡಿದ್ದಳು. ಹೋಗಿ ಎದುರಿಗೆ ಕೂತೆ.

"ದೊಡ್ಡವ್ವನ ಬಾಜೂಕ ಜ್ವರ ಅಂತ ಬರದೀಯಲ್ಲ, ಅದನ್ನ ಹೊಡದು ಹಾಕು," ಎಂದೆ.

"ಯಾಕ?"

"ಜ್ವರ ಬಂದಿದ್ದಿಲ್ಲ. ಹುಟ್ಟಿದಾಗಿಂದೇ ಕೇಳ್ತಿದ್ದಿಲ್ಲ. ನಿಮ್ಮಪ್ಪಗೂ ಗೊತ್ತಿಲ್ಲ. ನಮ್ಮವ್ವ ನನಗೊಬ್ಬಾಕಿಗೇ ಹೇಳಿದ್ದಳು." ಉಸಿರು ತೆಗೆದುಕೊಂಡೆ. "ಇನ್ನೊಂದದ. ಗೌರಿ ತೊಟ್ಟಲದಾಗ ನಾ ಕುರ್ ಅಂದಾಗ ಆಕಿ ಮಿಸುಕಲಿಲ್ಲ. ಆಮ್ಯಾಲ ನೀ ತಾಟು ಕೆಡವಿದಿ. ಆಗೂ ಮಿಸುಕಲಿಲ್ಲ. ನಿನ್ನ ತಾಟು ಬೀಳೂಕಿಂತ ಮೊದಲೇ ಆಕಿಗಿ ಕೇಳ್ತಿದ್ದಿಲ್ಲ. ನಾ ಕಣ್ಣಾರೆ ನೋಡೀನಿ, ಸುನೀತಾ. ನೋಡಿ ಸುಮ್ಮನಿದ್ದೆ."

ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೇ ಗುರುತು ಸಿಗಲಿಲ್ಲ. ಹಿತ್ತಲಲ್ಲಿ ಮಷೀನು ತಿರುಗುತ್ತಿತ್ತು. ಅವಳಿಗೆ ಕೇಳಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

"ತಾಟಿನ ಸಪ್ಪಳಕ್ಕ ಹಿಂಗ ಆಗಂಗಿಲ್ಲ ಅಂತ ನನಗ ಕಾಲೇಜಿನಾಗೇ ಗೊತ್ತಾತು, ಅತ್ತಿ," ಎಂದಳು. "ಪುಸ್ತಕ ಓದಿ ತಲಿಗಿ ಗೊತ್ತಾತು. ಕೈಗಿ ಗೊತ್ತಾಗಲಿಲ್ಲ."

ಆಮೇಲೆ ಪೆನ್ಸಿಲ್ ತೆಗೆದುಕೊಂಡು ದೊಡ್ಡವ್ವನ ದುಂಡಿಗೆ ಕಪ್ಪು ತುಂಬಿದಳು. ಬಹಳ ಹೊತ್ತು ತುಂಬಿದಳು. ಅಷ್ಟು ಸಣ್ಣ ದುಂಡಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಕೂಸಿಗಿ ಮಾತು ಕೂಡೂದೇ ಮೊದಲಿನ ಮೂರು ವರ್ಷದಾಗ. ಆಗೇ ಕಿವಿಗಿ ಮಷೀನ್ ಹಚ್ಚಿದ್ರ ಗೌರಿಗಿ ಇನ್ನಷ್ಟು ಮಾತು ಬರ್ತಿತ್ತು," ಎಂದಳು. ತಲೆಯೆತ್ತಲಿಲ್ಲ. "ಆಕಿಗಿ ನಾ ಹೇಳಂಗಿಲ್ಲ. ನೀವೇ ಹೇಳ್ರಿ."

ಮಾತು ಕಲಿತ ದಿನದಿಂದ ನನಗೆ 'ನೀ' ಅಂದವಳು. ನಾನು ಎದ್ದು ಹೋಗಿ ಕೊಳವೆ ತುಂಬಿ ತಂದು ಕೊಟ್ಟೆ. ಈ ಸಲ ಅವಳ ಎದುರು ಉಗುಳುವುದಕ್ಕೂ ನಾಚಿಕೆ ಅನಿಸುತ್ತಿರಲಿಲ್ಲ. ಇದ್ದ ನಾಚಿಕೆಯೆಲ್ಲ ಬೇರೆ ಕಡೆ ಖರ್ಚಾಗಿತ್ತು.

ಸೋಮವಾರ ಪಸ್ತಾಪುರಕ್ಕೆ ಹೋಗಬೇಕು. ಗೌರಿ ತುಟಿ ನೋಡಿ ಮಾತು ಹಿಡಿಯುವವಳು. ನನ್ನ ತುಟಿ ಆಕೆಯ ಎದುರು ನೆಟ್ಟಗೆ ಆಡುತ್ತದೆಂಬ ಧೈರ್ಯ ನನಗಿಲ್ಲ. ಅದಕ್ಕೇ ಇಷ್ಟೆಲ್ಲ ಬರೆದೆ. ಈ ಹಾಳೆಗಳನ್ನು ಆಕೆಯ ಕೈಯಲ್ಲಿ ಕೊಟ್ಟು, ಓದಿ ಮುಗಿಸುವ ತನಕ ಬೀಜದ ಗಡಿಗೆಗಳ ನಡುವೆ ಎದುರಿಗೇ ಕೂಡುತ್ತೇನೆ. ಎದ್ದು ಹೋಗು ಅಂದರೆ ಹೋಗುತ್ತೇನೆ, ಅದಕ್ಕೆ ಮೊದಲು ಏಳುವುದಿಲ್ಲ.

ಕೊಳವೆ ತುಂಬಿ ಕೊಟ್ಟ ದಿನದ ಊಟದ ಮಾತೊಂದು ಹೇಳುವುದು ಉಳಿಯಿತು. ಮೂವರೇ ಇದ್ದೆವು. ಯಜಮಾನರಿಗೆ ಏನೂ ಗೊತ್ತಿಲ್ಲ; ರೈಲು ಎಷ್ಟಕ್ಕೆ, ಸೀಟು ಸಿಕ್ಕಿತೇ ಎಂದು ಅವರೊಬ್ಬರೇ ಮಾತಾಡಿದರು. ಸುನೀತಾ ಪುಂಡಿಪಲ್ಲೆ ಹಾಕಿಸಿಕೊಂಡಳು, ಎರಡನೆಯ ರೊಟ್ಟಿ ಬೇಡವೆಂದಳು. ಉಂಡಾದ ಮೇಲೆ ತನ್ನ ತಾಟು ಎತ್ತಿದಳು. ಅದರ ಮೇಲೆ ಯಜಮಾನರ ತಾಟು ಇಟ್ಟಳು. ಒಂದು ಗಳಿಗೆ ನಿಂತು ನನ್ನದನ್ನೂ ಎಳೆದುಕೊಂಡು ಅದರ ಮೇಲೆ ಇಟ್ಟಳು, ಅದರ ಮೇಲೆ ಬಟ್ಟಲುಗಳು. ಬಚ್ಚಲಿಗೆ ಹೋದಳು. ರೂಢಿಯಿಲ್ಲದ ಕೈ; ಕಲ್ಲಿನ ಮೇಲೆ ಇಡುವಾಗ ಎಲ್ಲ ಜಾರಿ ಬಿದ್ದವು. ಒಂದು ಬಟ್ಟಲು ಉರುಳುತ್ತ ಪಡಸಾಲೆಯ ಮಟ ಬಂತು.

ಮಷೀನಿನ ಸಪ್ಪಳವನ್ನೇ ಕೇಳದ ನಮ್ಮ ಯಜಮಾನರು ಕೂಡ ತಿರುಗಿ ನೋಡಿದರು. "ಏನ್ ಬಿತ್ತು?"

"ತಾಟು ಬಿದ್ವು, ಮಾಮಾ," ಎಂದಳು ಒಳಗಿನಿಂದ. ದನಿ ಸಾದಾ ಇತ್ತು. ಬಂದು ಬಟ್ಟಲು ಎತ್ತಿಕೊಂಡು ಹೋದಳು. ನನ್ನ ಕಡೆ ನೋಡಲಿಲ್ಲ. ನಾನು ಕೂತಲ್ಲೇ ಒಂದು ಬೆರಳು ಮಡಚಿದೆ. ಆ ದಿನ ಎರಡನೆಯ ಉಪಕಾರ ಹುಡುಕಲಿಲ್ಲ.